ಡೀಲರ್‌ಗಳ ಬಳಿ ಉಳಿದ ಕಾರುಗಳು ಆರ್ಥಿಕತೆಯ ಬಗ್ಗೆ ಏನು ಹೇಳುತ್ತವೆ?

ಪ್ರಶ್ನೆ (ವಾಣಿಜ್ಯ ವಿದ್ಯಾರ್ಥಿನಿ, ಹಾಸನ):
2024ರ ಸೆಪ್ಟೆಂಬರ್‌ ಕೊನೆಗೆ ದೇಶದ ಡೀಲರ್‌ಗಳ ಬಳಿ ಸುಮಾರು 79,000 ಕೋಟಿ ರೂಪಾಯಿ ಬೆಲೆಯ 7.9 ಲಕ್ಷ ಪ್ರಯಾಣಿಕ ವಾಹನಗಳು, ಅಂದರೆ 80ರಿಂದ 85 ದಿನಗಳ ಮಾರಾಟಕ್ಕೆ ಸಾಲುವಷ್ಟು ದಾಸ್ತಾನು ಇತ್ತೆಂದು ಡೀಲರ್‌ಗಳ ಒಕ್ಕೂಟ ಫಾಡಾ ತಿಳಿಸಿತ್ತು. ಇದು ಬೇಡಿಕೆ ಕುಸಿದುದರ ಲಕ್ಷಣವೋ, ಹಬ್ಬದ ಸಿದ್ಧತೆಯೋ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ (ನಿವೃತ್ತ ಅಧ್ಯಾಪಕ, ಧಾರವಾಡ):
ಎರಡೂ ಸೇರಿದ್ದವು. ತಯಾರಕರ ಸಂಘವಾದ ಸಿಯಾಮ್ ಕೊಡುವುದು ಕಾರ್ಖಾನೆಯಿಂದ ಡೀಲರ್‌ಗೆ ರವಾನೆಯಾದ ವಾಹನಗಳ ಲೆಕ್ಕ. ಫಾಡಾ ಕೊಡುವುದು ಗ್ರಾಹಕರ ಹೆಸರಿಗೆ ನೋಂದಣಿಯಾದವುಗಳ ಲೆಕ್ಕ. ಮೊದಲನೆಯದು ತಿಂಗಳುಗಟ್ಟಲೆ ಮುಂದೋಡಿದರೆ ಹೆಚ್ಚುವರಿಯೆಲ್ಲ ಡೀಲರ್‌ಗಳ ಯಾರ್ಡ್‌ನಲ್ಲಿಯೇ ಉಳಿಯುತ್ತದೆ. ಆ ಸೆಪ್ಟೆಂಬರ್‌ನಲ್ಲಿ ಪಿತೃಪಕ್ಷವೂ ಬಂದಿದ್ದರಿಂದ ಖರೀದಿ ತಗ್ಗಿತ್ತು. ಆದರೆ ದಸರಾ, ದೀಪಾವಳಿ ಎರಡೂ ಬಂದ ಅಕ್ಟೋಬರ್‌ನಲ್ಲಿ ಮಾರಾಟ ಜೋರಾಗಿ ನಡೆದರೂ ದಾಸ್ತಾನು 75ರಿಂದ 80 ದಿನಗಳಷ್ಟು ಉಳಿದಿತ್ತೆಂಬುದನ್ನು ಗಮನಿಸಿ. ಹಬ್ಬಕ್ಕೆಂದೇ ತರಿಸಿದ್ದರೆ ಅದು ಹಬ್ಬದೊಂದಿಗೆ ಕರಗಬೇಕಿತ್ತು. ನಿಜವಾದ ಇಳಿಕೆ ಕಂಡದ್ದು ಆಮೇಲೆ, ಡಿಸೆಂಬರ್‌ ಹೊತ್ತಿಗೆ 55ರಿಂದ 60 ದಿನಗಳಿಗೆ.

ಉತ್ತರ (ಶೋರೂಂ ಲೆಕ್ಕಪತ್ರ ವಿಭಾಗ, ಹುಬ್ಬಳ್ಳಿ):
ಡೀಲರ್ ಕಾರನ್ನು ಸಾಮಾನ್ಯವಾಗಿ ಬ್ಯಾಂಕ್ ಸಾಲದಲ್ಲಿ ತರಿಸುವುದರಿಂದ ಬಡ್ಡಿ ದಿನವೂ ಬೆಳೆಯುತ್ತದೆ. ನಿಂತ ಗಾಡಿಯ ಬ್ಯಾಟರಿ ಇಳಿಯದಂತೆ ಆಗಾಗ ಸ್ಟಾರ್ಟ್ ಮಾಡಬೇಕು, ಟೈರಿನ ಗಾಳಿ ನೋಡಬೇಕು. ಜನವರಿ ಬಂತೆಂದರೆ ಅದು ಹಿಂದಿನ ವರ್ಷದ ತಯಾರಿಕೆ ಎನಿಸಿಕೊಂಡು ಬೆಲೆ ಕಳೆದುಕೊಳ್ಳುತ್ತದೆ. ಡಿಸೆಂಬರ್‌ ರಿಯಾಯಿತಿಗಳ ಹಿಂದಿರುವುದು ಈ ಒತ್ತಡವೇ, ಮತ್ತು ಅದರ ಭಾರ ಬಹುಪಾಲು ಡೀಲರ್‌ನ ಮೇಲೆ ಬೀಳುವುದು ನನಗೆ ಅನ್ಯಾಯವೆನಿಸುತ್ತದೆ.

ಉತ್ತರ (ಅರ್ಥಶಾಸ್ತ್ರ ಸಂಶೋಧಕ, ಮೈಸೂರು):
ಒಂದು ಎಚ್ಚರಿಕೆ ಸೇರಿಸುತ್ತೇನೆ. ಮಾರಾಟವಾಗದೆ ಉಳಿದ ಸರಕೂ ಜಿಡಿಪಿಯಲ್ಲಿ ದಾಸ್ತಾನಿನ ಬದಲಾವಣೆಯಾಗಿ ಸೇರುತ್ತದೆ. ಆದ್ದರಿಂದ ಒಂದು ತ್ರೈಮಾಸಿಕದ ಬೆಳವಣಿಗೆ ಚೆನ್ನಾಗಿ ಕಂಡು, ಮುಂದಿನದರಲ್ಲಿ ಕಾರ್ಖಾನೆಗಳು ಉತ್ಪಾದನೆ ತಗ್ಗಿಸಬಹುದು. ದಾಸ್ತಾನು ಎಷ್ಟು ತಿಂಗಳ ಮಾರಾಟಕ್ಕೆ ಸಮ ಎಂದು ಹೇಳುವ ಅನುಪಾತವೊಂದನ್ನೇ ನಂಬುವಂತೆಯೂ ಇಲ್ಲ. ಅಮೆರಿಕದಲ್ಲಿ 2020ರ ಏಪ್ರಿಲ್‌ನಲ್ಲಿ ಎಲ್ಲ ಉದ್ಯಮಗಳ ಒಟ್ಟು ದಾಸ್ತಾನು ಕೊಂಚ ಇಳಿದಿದ್ದರೂ ಮಾರಾಟ ಅದಕ್ಕಿಂತ ಬಹಳ ಹೆಚ್ಚು ಕುಸಿದದ್ದರಿಂದ ಅನುಪಾತ 1.6 ದಾಟಿತು. 2021ರಲ್ಲಿ ಅದು 1.3ಕ್ಕಿಂತ ಕೆಳಗಿಳಿಯಲು ಜೋರಾದ ಬೇಡಿಕೆಯಷ್ಟೇ ಪೂರೈಕೆಯ ಕೊರತೆಯೂ ಕಾರಣವಾಗಿತ್ತು. ಆ ಕೊರತೆಗೆ ಹೆದರಿ ಹೆಚ್ಚು ತರಿಸಿಕೊಂಡ ಟಾರ್ಗೆಟ್‌ನಂತಹ ಅಲ್ಲಿನ ದೊಡ್ಡ ಚಿಲ್ಲರೆ ಮಳಿಗೆಗಳು 2022ರಲ್ಲಿ ಬೆಲೆ ಇಳಿಸಿ ಸರಕು ಖಾಲಿ ಮಾಡಬೇಕಾಯಿತು. ನಮ್ಮಲ್ಲಿ ತಯಾರಿಕಾ ವಲಯದ ದಾಸ್ತಾನನ್ನು ಹೊಸ ಆರ್ಡರ್‌ಗಳ ಜೊತೆಗಿಟ್ಟು ನೋಡಲು ರಿಸರ್ವ್ ಬ್ಯಾಂಕಿನ ತ್ರೈಮಾಸಿಕ ಸಮೀಕ್ಷೆ ಒಬಿಕಸ್ ಇದೆ; ಕಾರುಗಳ ಅಂಕಿಗಳೊಡನೆ ಅದನ್ನೂ ಓದಿ.