ಪದಚರ್ಚೆ: ‘ಡಿಪೆಂಡೆನ್ಸಿ ಕಾನ್‌ಫ್ಲಿಕ್ಟ್’ಗೆ ‘ಅವಲಂಬನೆಯ ಸಂಘರ್ಷ’ ಸಾಕೇ?

ನಮಸ್ಕಾರ. ಬೆಂಗಳೂರಿನ ಕಾಲೇಜು ಲ್ಯಾಬ್‌ಗಳಿಗೆಂದು ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಕೈಪಿಡಿಯೊಂದು ಸಿದ್ಧವಾಗುತ್ತಿದೆ. ಇನ್‌ಸ್ಟಾಲ್ ಆದಮೇಲೆ ಲೈಬ್ರರಿಗಳ (ಸಿದ್ಧ ಕೋಡಿನ ಕಟ್ಟುಗಳ) ಆವೃತ್ತಿ ಒಂದಕ್ಕೊಂದು ಹೊಂದದಿದ್ದರೆ ಇಲ್ಲಿನ ಆಫೀಸುಗಳಲ್ಲಿ ‘ವರ್ಷನ್ ಕ್ಲ್ಯಾಶ್’ ಅನ್ನುತ್ತಾರೆ. ಕರಡಿನಲ್ಲಿ ‘ಅವಲಂಬನೆಯ ಸಂಘರ್ಷ’ ಎಂದಿದೆ. ವಿದ್ಯಾರ್ಥಿಗಳಿಗೆ ತಿಳಿದೀತೇ? ಬೇರೆ ಪದವಿದ್ದರೆ ಬಳಕೆಯ ಸಮೇತ ತಿಳಿಸಿ.

ಉತ್ತರ:

ಸರ್, ‘ಸಂಘರ್ಷ’ ಪತ್ರಿಕೆಯ ತಲೆಬರಹಕ್ಕೆ ಸರಿ. ಇಲ್ಲಿ ಅದು ಎರಡು ಬೇರೆ ತೊಂದರೆಗಳನ್ನು ಒಂದೇ ಹೆಸರಿನಲ್ಲಿ ಮುಚ್ಚಿಬಿಡುತ್ತದೆ.

ಮೊದಲನೆಯದು ಷರತ್ತಿನದು. ಪಾಂಡಾಸ್ ಎಂಬ ಲೈಬ್ರರಿಯ 2.2.1 ಆವೃತ್ತಿ, ತಾನು ಅವಲಂಬಿಸಿರುವ ನಮ್‌ಪೈ ಲೈಬ್ರರಿ 2ಕ್ಕಿಂತ ಕೆಳಗಿನದೇ ಬೇಕೆಂದು ಬರೆದುಕೊಂಡಿದೆ. ಆಮೇಲೆ ನಮ್‌ಪೈ ಒಂದನ್ನೇ ಅಪ್‌ಗ್ರೇಡ್ ಮಾಡಿದರೆ, ಲೈಬ್ರರಿ ಹಾಕಿಕೊಡುವ ಪಿಪ್ ಎಂಬ ಸಾಧನ ಗೊಣಗುತ್ತದೆ, ಆದರೂ ಹಾಕಿಬಿಡುತ್ತದೆ. ಒಂದು ಎನ್ವಿರಾನ್‌ಮೆಂಟಿನಲ್ಲಿ (ಪೈಥಾನ್ ತನ್ನ ಲೈಬ್ರರಿಗಳನ್ನು ಇಟ್ಟುಕೊಳ್ಳುವ ಜಾಗದಲ್ಲಿ) ಒಂದು ಲೈಬ್ರರಿಯ ಒಂದೇ ಆವೃತ್ತಿಗೆ ಜಾಗ, ಹಾಗಾಗಿ ಹಳೆಯದು ಹೋಯಿತು. ‘ಪಿಪ್ ಚೆಕ್’ ಕೊಟ್ಟರೆ ಯಾವುದಕ್ಕೆ ಏನು ಬೇಕಿತ್ತು, ಈಗ ಇರುವುದೇನು ಎಂದು ಸಾಲುಸಾಲಾಗಿ ಬರುತ್ತದೆ. ಇದಕ್ಕೆ ‘ಆವೃತ್ತಿ ತಾಳೆಯಾಗುತ್ತಿಲ್ಲ’ ಎಂದರೆ ಸಾಕು. ಲೆಕ್ಕ ತಾಳೆ ನೋಡಿದವರಿಗೆಲ್ಲ ಗೊತ್ತಿರುವ ಮಾತು.

ಎರಡನೆಯದು ಹೆಚ್ಚು ಕಾಡುವಂಥದ್ದು. 2024ರ ಜೂನ್‌ನಲ್ಲಿ ನಮ್‌ಪೈ 2.0 ಬಂದಾಗ ಅದರ ಸಿ ಭಾಷೆಯ ಮಟ್ಟದ ಒಳರಚನೆ ಬದಲಾಯಿತು. ಪಾಂಡಾಸ್ 2.0.3 ನಮ್‌ಪೈಗೆ ಕೆಳಮಿತಿ ಹೇಳುತ್ತದೆ, ಮೇಲ್ಮಿತಿ ಹೇಳುವುದಿಲ್ಲ. ಎರಡನ್ನೂ ಒಟ್ಟಿಗೆ ಹಾಕಿದರೆ ಪಿಪ್ ಚೆಕ್ ಚಕಾರವೆತ್ತುವುದಿಲ್ಲ, ಪಾಂಡಾಸನ್ನು ಇಂಪೋರ್ಟ್ ಮಾಡಿದ (ಪ್ರೋಗ್ರಾಮಿಗೆ ಕರೆತಂದ) ಕೂಡಲೇ ‘ನಮ್‌ಪೈ.ಡಿಟೈಪ್ ಸೈಜ್ ಚೇಂಜ್ಡ್’ ಎಂದು ನಿಲ್ಲುತ್ತದೆ. 96 ಇರಬೇಕಾದಲ್ಲಿ 88 ಸಿಕ್ಕಿತು ಎಂಬುದು ಅದರ ದೂರು. ಷರತ್ತು ತಾಳೆಯಾಗಿದೆ, ಪಾಂಡಾಸಿನ ಕಂಪೈಲ್ ಆದ ಕೋಡ್ (ಯಂತ್ರಕ್ಕೆಂದು ಮೊದಲೇ ಪರಿವರ್ತಿಸಿಟ್ಟ ಬೈನರಿ) ಮಾತ್ರ ಹಳೆಯ ಅಳತೆಯದು. ಇದನ್ನು ‘ಬೈನರಿ ಹೊಂದುತ್ತಿಲ್ಲ’ ಎಂದೇ ಬೇರೆಯಾಗಿ ಕರೆಯಿರಿ. ಇಲ್ಲವಾದರೆ ಹುಡುಗರು ಪಿಪ್ ಚೆಕ್ ಓಡಿಸಿ, ಎಲ್ಲ ಸರಿಯಿದೆ ಅಂದುಕೊಂಡು, ಪೈಥಾನನ್ನೇ ಮತ್ತೆ ಹಾಕಲು ಹೊರಡುತ್ತಾರೆ.

ಪರಿಹಾರಕ್ಕೆ ಎರಡು ದಾರಿ: ಪಾಂಡಾಸನ್ನು 2.2.2 ಅಥವಾ ಮುಂದಿನದಕ್ಕೆ ಏರಿಸುವುದು, ಇಲ್ಲವೇ ನಮ್‌ಪೈಯನ್ನು ‘2ಕ್ಕಿಂತ ಕಡಿಮೆ’ ಎಂಬ ಷರತ್ತಿನೊಂದಿಗೆ ಇಳಿಸುವುದು. ಇಳಿಸುವಾಗ ಆ ಷರತ್ತು ಉದ್ಧರಣ ಚಿಹ್ನೆಯೊಳಗಿರಲಿ. ಬಿಟ್ಟರೆ ನಾವು ಟೈಪ್ ಮಾಡಿದ ಆಜ್ಞೆಗಳನ್ನು ಓದುವ ಬ್ಯಾಷ್ ಶೆಲ್ ‘ಕಡಿಮೆ’ (<) ಗುರುತನ್ನು ತನಗೇ ಕೊಟ್ಟ ಆಜ್ಞೆಯೆಂದು ತಿಳಿದು, ‘2’ ಎಂಬ ಫೈಲ್ ಹುಡುಕಿ ಇಲ್ಲವೆನ್ನುತ್ತದೆ. ಜುಪಿಟರ್ (ಬ್ರೌಸರಿನಲ್ಲಿ ಕೋಡ್ ಬರೆಯುವ ನೋಟ್‌ಬುಕ್) ತೆರೆದಿದ್ದರೆ ಕೋಡ್ ಓಡಿಸುವ ಅದರ ಕರ್ನಲ್ ರೀಸ್ಟಾರ್ಟ್ ಮಾಡಲೇಬೇಕು, ಮೆಮೊರಿಯಲ್ಲಿ ಹಳೆಯದೇ ಕುಳಿತಿರುತ್ತದೆ.

‘ಅವಲಂಬನೆ’ ಇರಲಿ, ರೂಢಿಗೆ ಬಂದಿದೆ. ‘ಲೈಬ್ರರಿ’ಯನ್ನು ಮಾತ್ರ ದಯವಿಟ್ಟು ‘ಗ್ರಂಥಾಲಯ’ ಮಾಡಬೇಡಿ.