ಅಣ್ಣನ ಕುಟುಂಬ ವಿದೇಶದಿಂದ ಬರುತ್ತಿದೆ: ಡ್ರೋನ್ ಚಿತ್ರಗಳ ಬಗ್ಗೆ ಸಲಹೆ ಬೇಕು

ಪ್ರಶ್ನೆ:
ಆರು ವರ್ಷಗಳ ನಂತರ ಅಣ್ಣ, ಅತ್ತಿಗೆ ಮತ್ತು ಮಕ್ಕಳು ವಿದೇಶದಿಂದ ಬರುತ್ತಿದ್ದಾರೆ. ಅಣ್ಣ ಸಣ್ಣದೊಂದು ಡ್ರೋನ್ ತರುವುದಾಗಿ ಹೇಳಿದಾಗಿನಿಂದ, ಮನೆಯ ನಾಲ್ಕು ತಲೆಮಾರಿನವರೂ ಅಂಗಳದಲ್ಲಿ ಒಟ್ಟಿಗೆ ನಿಂತ ಚಿತ್ರವನ್ನು ಮೇಲಿನಿಂದ ತೆಗೆಯಬೇಕೆಂಬ ಆಸೆ ನನ್ನಲ್ಲಿ ಬಲವಾಗಿದೆ. ಅಜ್ಜಿಗೆ ಈಗ 87 ವರ್ಷವಾಗಿರುವುದರಿಂದ ಈ ಅವಕಾಶವನ್ನು ಕಳೆದುಕೊಳ್ಳಲು ಮನಸ್ಸಿಲ್ಲ. ಎಷ್ಟು ಎತ್ತರದಿಂದ ತೆಗೆದರೆ ಮುಖಗಳು ಸ್ಪಷ್ಟವಾಗಿ ಕಾಣುತ್ತವೆ?

ಉತ್ತರ 1:
ನೆತ್ತಿಯ ಮೇಲಿನಿಂದ ನೇರವಾಗಿ ತೆಗೆದರೆ ತಲೆಗೂದಲಷ್ಟೇ ಕಾಣುತ್ತದೆ. ಡ್ರೋನನ್ನು ನಾಲ್ಕೈದು ಮೀಟರ್ ಎತ್ತರದಲ್ಲಿ, ಗುಂಪಿನಿಂದ ಎಂಟು ಹತ್ತು ಮೀಟರ್ ದೂರದಲ್ಲಿ ನಿಲ್ಲಿಸಿ, ಎಲ್ಲರೂ ಮುಖವೆತ್ತಿ ನೋಡುವಾಗ ಒಂದರ ಹಿಂದೊಂದರಂತೆ ಹಲವು ಚಿತ್ರ ತೆಗೆಯಿರಿ. ಸೂರ್ಯ ಇಳಿಯುವ ಹೊತ್ತಿನ ಓರೆ ಬೆಳಕಿನಲ್ಲಿ ಕಣ್ಣಿನ ಕೆಳಗೆ ಕಪ್ಪು ನೆರಳು ಬೀಳುವುದಿಲ್ಲ. ನಾವು ತೆಗೆದಾಗ ರೆಕ್ಕೆಗಳ ಸದ್ದಿಗೆ ಹೆದರಿದ ಮಗುವೊಂದು ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡು ನಿಂತಿತ್ತು. ಹಾಗಾಗಿ ಅಜ್ಜಿಗೂ ಮಕ್ಕಳಿಗೂ ಮೊದಲೇ ಒಮ್ಮೆ ಹಾರಿಸಿ ತೋರಿಸುವುದು ಒಳ್ಳೆಯದು.

ಉತ್ತರ 2:
ಪ್ರಯಾಣದ ವಿಷಯವನ್ನೂ ಸೇರಿಸುತ್ತೇನೆ. ಬಿಡಿ ಲಿಥಿಯಂ ಬ್ಯಾಟರಿಗಳನ್ನು ವಿಮಾನದ ಚೆಕ್-ಇನ್ ಲಗೇಜಿನಲ್ಲಿ ಇಡುವಂತಿಲ್ಲ, ಕೈಚೀಲದಲ್ಲೇ ತರಬೇಕು. ಅವುಗಳ ತುದಿಗಳು ಲೋಹಕ್ಕೆ ತಾಗದಂತೆ ಟೇಪ್ ಅಂಟಿಸಬೇಕು. 100 ವ್ಯಾಟ್-ಅವರ್ (ಬ್ಯಾಟರಿ ಹಿಡಿದಿಡುವ ಶಕ್ತಿಯ ಅಳತೆ) ಮೀರಿದವುಗಳಿಗೆ ವಿಮಾನಯಾನ ಸಂಸ್ಥೆಯ ಅನುಮತಿ ಅಗತ್ಯ. ಡ್ರೋನ್ ಆಮದಿಗೇ ನಿರ್ಬಂಧವಿರುವ ದೇಶಗಳೂ ಇರುವುದರಿಂದ, ನಿಮ್ಮ ಅಣ್ಣ ಹೊರಡುವ ಮೊದಲೇ ಕಸ್ಟಮ್ಸ್ ನಿಯಮಗಳನ್ನು ನೋಡಿಕೊಳ್ಳಲಿ. 250 ಗ್ರಾಂಗಿಂತ ಹಗುರವಾದ ಡ್ರೋನ್‌ಗಳಿಗೆ ಹಲವೆಡೆ ಹಾರಾಟದ ನಿಯಮಗಳು ಸಡಿಲವಾಗಿವೆ, ಆದರೆ ಆಮದಿನ ನಿಯಮ ಬೇರೆಯೇ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಕಸ್ಟಮ್ಸ್ ವಿಚಾರ ನನಗೆ ಹೊಳೆದಿರಲೇ ಇಲ್ಲ. ಇಂದೇ ಅಣ್ಣನಿಗೆ ತಿಳಿಸುತ್ತೇನೆ.