ಕಡಲಿನ ಸತ್ವ ಕಾಡಿನ ಮರಕ್ಕೆ ಏರುವುದು ಹೇಗೆ?

ಪ್ರಶ್ನೆ (ಬಸವನಗುಡಿಯಿಂದ)
ಹೊಳೆಯು ಮಲೆಯ ಮಣ್ಣನ್ನು ಕಡಲಿಗೆ ಒಯ್ಯುತ್ತದೆ ಎಂದಷ್ಟೇ ಬಲ್ಲವನು ನಾನು. ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಸಾಲ್ಮನ್ ಮೀನುಗಳು ಕಡಲಿನ ಸತ್ವವನ್ನೇ ಕಾಡಿಗೆ ತರುತ್ತವೆಯಂತೆ. ಇದು ನಿಜವೇ ಅಥವಾ ಅಲಂಕಾರದ ಮಾತೇ? ಅಲ್ಲಿನ ಮೂಲನಿವಾಸಿಗಳಿಗೂ ಇದಕ್ಕೂ ಇರುವ ನಂಟನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1 (ಮಲ್ಲೇಶ್ವರದಿಂದ)
ಅಕ್ಷರಶಃ ನಿಜ. ಪೆಸಿಫಿಕ್ ಸಾಲ್ಮನ್ ಸಿಹಿನೀರಿನಲ್ಲಿ ಹುಟ್ಟಿ, ಕಡಲಿನಲ್ಲಿ ಬೆಳೆದು, ಮೊಟ್ಟೆಯಿಡಲು ಸಾಮಾನ್ಯವಾಗಿ ಹುಟ್ಟಿದ ಹೊಳೆಗೇ ಮರಳಿ, ಅಲ್ಲಿಯೇ ಸಾಯುತ್ತದೆ. ಅದರ ಮೈತೂಕದ ಬಹುಪಾಲು ಕಡಲಿನ ಗಳಿಕೆ. ಕರಡಿಗಳು ಮೀನನ್ನು ದಡದಾಚೆಗೆ ಎಳೆದೊಯ್ದು, ಮೀನು ಹೇರಳವಾಗಿದ್ದಾಗ ಮಿದುಳು, ಮೊಟ್ಟೆಗಳಂಥ ಕೊಬ್ಬಿನ ಭಾಗಗಳನ್ನಷ್ಟೇ ತಿಂದು, ಉಳಿದದ್ದನ್ನು ಮರಗಳ ಬುಡದಲ್ಲಿ ಬಿಟ್ಟುಹೋಗುತ್ತವೆ. ಕಡಲಿನಿಂದ ಬಂದ ಮೀನಿನಲ್ಲಿ ನೈಟ್ರೋಜನ್-15 ಎಂಬ, ಸಾರಜನಕದ ಭಾರವಾದ ಐಸೊಟೋಪಿನ (ಅದೇ ಧಾತುವಿನ ಹೆಚ್ಚು ತೂಕದ ರೂಪದ) ಪಾಲು ಹೆಚ್ಚು. ಹೊಳೆಯಂಚಿನ ಸಿಟ್ಕಾ ಸ್ಪ್ರೂಸ್ ಮರಗಳಲ್ಲಿ ಅದನ್ನು ಅಳೆದೇ ವಿಜ್ಞಾನಿಗಳು ಮೀನಿನ ಜಾಡು ಹಿಡಿದರು. ಮರಗಳೂ ಋಣ ತೀರಿಸುತ್ತವೆ: ಅವುಗಳ ನೆರಳಿನಿಂದ ನೀರು ತಂಪಾಗಿರುತ್ತದೆ, ಉರುಳಿದ ದಿಮ್ಮಿಗಳಿಂದ ಮರಿಮೀನುಗಳು ಅಡಗುವ ಮಡುಗಳಾಗುತ್ತವೆ.

ಉತ್ತರ 2 (ಜಯನಗರದಿಂದ)
ಒಂದು ತಿದ್ದುಪಡಿ. ಎಲ್ಲ ಹಿರಿಮೆಯನ್ನೂ ಮೀನಿಗೇ ಕಟ್ಟುವಂತಿಲ್ಲ. ಅದೇ ದಡದಲ್ಲಿ ಬೆಳೆಯುವ ಆಲ್ಡರ್ ಮರಗಳು, ನಮ್ಮ ಹೊಂಗೆಯ ಹಾಗೆ, ಬೇರಿನ ಗಂಟುಗಳ ಮೂಲಕ ಗಾಳಿಯ ಸಾರಜನಕವನ್ನು ಮಣ್ಣಿಗೆ ಕೂಡಿಸುತ್ತವೆ.

ಇನ್ನು ಜನರ ವಿಷಯ. ಆ ಕರಾವಳಿಯ ಅನೇಕ ಬುಡಕಟ್ಟುಗಳು ಋತುವಿನ ಮೊದಲ ಸಾಲ್ಮನ್ನನ್ನು ಅತಿಥಿಯಂತೆ ಬರಮಾಡಿಕೊಂಡು, ಊರಿಗೆಲ್ಲ ಹಂಚಿ ಉಂಡು, ಮೂಳೆಗಳನ್ನು ನೀರಿಗೆ ಮರಳಿಸುತ್ತವೆ. ಆ ವಿಧಿ ಮುಗಿಯುವತನಕ ಕೆಲವೆಡೆ ಯಾರೂ ಬಲೆ ಹಾಕುವಂತಿರಲಿಲ್ಲವಾದ್ದರಿಂದ, ಮೊದಲು ಬಂದ ಮೀನುಗಳು ಮೇಲ್ಹೊಳೆಯನ್ನು ತಲುಪುತ್ತಿದ್ದವು. ಶೃಂಗೇರಿಯಲ್ಲಿ ತುಂಗೆಯ ಮೀನುಗಳನ್ನು ಮುಟ್ಟದೆ ಕಾಯುತ್ತೇವೆ. ಅವರು ಉಂಡು ಕಾಯುತ್ತಾರೆ. ನನಗೆ ಎರಡನೆಯದೇ ಹೆಚ್ಚು ಕಠಿಣವಾದ ಶಿಸ್ತೆಂದು ತೋರುತ್ತದೆ.

ಉತ್ತರ 3 (ಯಲಹಂಕದಿಂದ)
ಆ ಶಿಸ್ತಿಗೆ ಹಕ್ಕಿನ ಆಸರೆಯೂ ಬೇಕಾಯಿತು. ಅಮೆರಿಕ ಸರ್ಕಾರವು ಬುಡಕಟ್ಟುಗಳೊಡನೆ 1850ರ ದಶಕದಲ್ಲಿ ಮಾಡಿಕೊಂಡ ಒಪ್ಪಂದಗಳ ಪ್ರಕಾರ, ವಾಷಿಂಗ್ಟನ್ ರಾಜ್ಯದಲ್ಲಿ ಹಿಡಿಯಬಹುದಾದ ಮೀನಿನಲ್ಲಿ ಅರ್ಧದಷ್ಟು ಪಾಲು ಬುಡಕಟ್ಟುಗಳಿಗೆ ಸಲ್ಲಬೇಕೆಂದು ನ್ಯಾಯಾಧೀಶ ಜಾರ್ಜ್ ಬೋಲ್ಟ್ 1974ರಲ್ಲಿ ತೀರ್ಪಿತ್ತರು. ಆದರೆ ಹೊಳೆಯೇ ಮುಚ್ಚಿದ್ದರೆ ಪಾಲೆಲ್ಲಿಯದು? ಅದೇ ರಾಜ್ಯದ ಎಲ್ವಾ ನದಿಗೆ 1913ರಲ್ಲಿ ಕಟ್ಟಿದ ಅಣೆಕಟ್ಟಿನಲ್ಲಿ ಮೀನು ಹತ್ತುವ ದಾರಿಯನ್ನೇ ಬಿಟ್ಟಿರಲಿಲ್ಲ. ಲೋವರ್ ಎಲ್ವಾ ಕ್ಲಾಲಂ ಬುಡಕಟ್ಟಿನ ಜನರು ಬಹುಕಾಲ ಒತ್ತಾಯಿಸಿದ ಮೇಲೆ, 2011ರಿಂದ 2014ರೊಳಗೆ ಅದನ್ನೂ ಅದರ ಮೇಲಿನ ಇನ್ನೊಂದನ್ನೂ ಒಡೆದು ತೆಗೆದರು. ಆರೆಗನ್ ಮತ್ತು ಕ್ಯಾಲಿಫೋರ್ನಿಯ ರಾಜ್ಯಗಳಲ್ಲಿ ಹರಿಯುವ ಕ್ಲಾಮತ್ ನದಿಯ ನಾಲ್ಕು ಅಣೆಕಟ್ಟುಗಳನ್ನು ತೆಗೆಯುವ ಕೆಲಸ 2024ರಲ್ಲಿ ಮುಗಿಯಿತು; ಆ ಶರತ್ಕಾಲದಲ್ಲೇ ಸಾಲ್ಮನ್‌ಗಳು ಅವುಗಳ ಜಾಗವನ್ನು ದಾಟಿ ಮೇಲೇರಿದವು.